ಐರ್ಲೆಂಡಿನ ಹೈನುಗಾರರು ದಿನಾ ಏನು ಮಾತಾಡುತ್ತಾರೆ, ಯಾತಕ್ಕೆ ಹೆದರುತ್ತಾರೆ?

ನಿಮ್ಮ ಪ್ರಶ್ನೆ ಇಷ್ಟು: ಹಾಸನದ ಕಡೆಯವರು, ಪಶುಪಾಲನೆ ಡಿಪ್ಲೊಮಾ ಆಗಿದೆ, ಫೆಬ್ರವರಿಯಲ್ಲಿ ಕಾರ್ಕ್ ಕೌಂಟಿಯ ನೂರು ಚಿಲ್ಲರೆ ಹಸುಗಳ ಫಾರ್ಮಿಗೆ ಕೆಲಸಕ್ಕೆ ಸೇರುತ್ತಿದ್ದೀರಿ. ಅಲ್ಲಿಯ ರೈತರು ಮಳೆ ಬಿಟ್ಟು ಬೇರೆ ಮಾತೇ ಆಡುವುದಿಲ್ಲವಂತೆ; ಅವರ ನಡುವೆ ಪೆದ್ದು ಪೆದ್ದಾಗಿ ನಿಲ್ಲಬಾರದು ಎಂದರೆ ಏನೇನು ತಿಳಿದಿರಬೇಕು?

ಮಳೆ ಬಿಟ್ಟು ಮಾತಿಲ್ಲ ಅನ್ನುವುದು ಹೆಚ್ಚುಕಡಿಮೆ ನಿಜವೇ. ಆದರೆ ಆ ಮಾತಿನ ಹೊಟ್ಟೆಯೊಳಗೆ ಹುಲ್ಲಿನ ಲೆಕ್ಕ ಕೂತಿರುತ್ತದೆ. ನಮ್ಮಲ್ಲಿ ಕೊಟ್ಟಿಗೆಯಲ್ಲಿ ಕಟ್ಟಿ ನೇಪಿಯರ್, ಜೋಳದ ಕಡ್ಡಿ, ಬೂಸಾ ಹಾಕುವವರಿಗೆ ಇವತ್ತು ಮಳೆ ಬಂದರೆ ಇವತ್ತೇ ಹಾಲು ಇಳಿಯುವುದಿಲ್ಲ. ಇಲ್ಲಿ ಹಸು ವರ್ಷದ ಬಹುಪಾಲು ಹೊರಗೇ ಮೇಯುತ್ತದೆ. ಹೊರಗೆ ಮೇಯ್ದ ಹುಲ್ಲು ಎಲ್ಲಕ್ಕಿಂತ ಅಗ್ಗದ ಮೇವು, ಒಳಗೆ ಹಾಕುವ ರಸಮೇವು (ಸೈಲೇಜ್) ಅದಕ್ಕಿಂತ ದುಬಾರಿ, ಮೂಟೆಯ ಹಿಂಡಿ ಇನ್ನೂ ದುಬಾರಿ. ಹಾಗಾಗಿ 'ನಿಮ್ಮ ಕಡೆ ನೆಲ ಹೇಗಿದೆ?' ಎಂದು ಪಕ್ಕದವರು ಕೇಳಿದರೆ, ಹಸು ಹೊರಗೆ ಹೋಗಿವೆಯೋ ಇನ್ನೂ ಕೊಟ್ಟಿಗೆಯಲ್ಲೇ ದುಡ್ಡು ತಿನ್ನುತ್ತಿವೆಯೋ ಎಂದು ಕೇಳಿದ ಹಾಗೆ.

ನೀವು ಬರುವ ಫೆಬ್ರವರಿಯಲ್ಲೇ ಇದು ಜೋರು. ಮಣ್ಣಿನ ಬಿಸಿ ಐದಾರು ಡಿಗ್ರಿ ದಾಟದೆ ಹುಲ್ಲು ಏಳುವುದಿಲ್ಲ. ಆಗ ದಿನಕ್ಕೆ ಹೆಕ್ಟೇರಿಗೆ ಐದು, ಹತ್ತು ಕಿಲೋ ಒಣತೂಕದಷ್ಟು (ನೀರಿನಂಶ ಬಿಟ್ಟ ತೂಕ) ಬೆಳೆದರೆ ಹೆಚ್ಚು. ಅದೇ ಮೇ ತಿಂಗಳಲ್ಲಿ 70-80 ಕಿಲೋ ಬೆಳೆಯುತ್ತದೆ. ಇದನ್ನು ಕಣ್ಣಂದಾಜಿನಲ್ಲಿ ಬಿಡುವುದಿಲ್ಲ. ವಾರಕ್ಕೊಮ್ಮೆ ಪ್ಲೇಟ್ ಮೀಟರ್ ಎಂಬ ಕೋಲು ಹಿಡಿದು ಎಲ್ಲ ಪ್ಯಾಡಕ್, ಅಂದರೆ ಬೇಲಿ ಹಾಕಿ ಸರದಿಯಂತೆ ಮೇಯಿಸುವ ಹುಲ್ಲಿನ ತುಂಡುಗಳನ್ನು, ಸುತ್ತಿ ಅಳೆಯುತ್ತಾರೆ. ಬೇಸಿಗೆಯಲ್ಲಿ ಹೆಕ್ಟೇರಿಗೆ ಸುಮಾರು 1,400 ಕಿಲೋ ಒಣತೂಕ ಇದ್ದಾಗ ಹಸು ಬಿಡಬೇಕು, ನಾಲ್ಕು ಸೆಂಟಿಮೀಟರಿಗೆ ಬಂದಾಗ ಎಬ್ಬಿಸಬೇಕು. ಎತ್ತರ ಬಿಟ್ಟರೆ ಮುಂದಿನ ಸುತ್ತಿಗೆ ಕಡ್ಡಿ ಕಟ್ಟುತ್ತದೆ, ಹಸು ಮೂಸಿ ಬಿಡುತ್ತದೆ. ತೀರಾ ಬೋಳಿಸಿದರೆ ಮತ್ತೆ ಚಿಗುರಲು ತಡ. ವಸಂತದ ಮೊದಲ ಸುತ್ತಿಗೆ ಇನ್ನೊಂದು ಲೆಕ್ಕ ಇದೆ: ಮಾರ್ಚ್ 1ರೊಳಗೆ ಜಮೀನಿನ ನೂರಕ್ಕೆ 30 ಭಾಗ, ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದ ಹೊತ್ತಿಗೆ 60 ಭಾಗ, ಏಪ್ರಿಲ್ ಮೊದಲ ವಾರಕ್ಕೆ ಪೂರ್ತಿ. ಬೇಗ ಮೇಯಿಸಿದ್ದಷ್ಟೇ ಎರಡನೇ ಸುತ್ತಿಗೆ ಸಿಗುವುದು. ಫೆಬ್ರವರಿಯಲ್ಲಿ ಇವರ ಮುಖ ಗಂಟಾಗಿದ್ದರೆ ಈ ಲೆಕ್ಕ ತಪ್ಪಿದೆ ಎಂದು ತಿಳಿಯಿರಿ.

ನೆಲ ಹಸಿ ಇದ್ದಾಗ ಮಾಡುವ ಉಪಾಯ ಸರಳ. ಹಾಲು ಕರೆದಾದ ಮೇಲೆ ಮೂರು ಗಂಟೆ ಹೊರಗೆ ಬಿಟ್ಟು ವಾಪಸ್ ಕೊಟ್ಟಿಗೆಗೆ ತರುವುದು, ಸಂಜೆ ಮತ್ತೆ ಮೂರು ಗಂಟೆ. ಹಸಿದ ಹಸು ಅಷ್ಟರಲ್ಲೇ ದಿನದ ಮೇವಿನ ನೂರಕ್ಕೆ 90 ಭಾಗ ಎಳೆದುಕೊಳ್ಳುತ್ತದೆ. ಹೊಸಬರು ಕೆಡಿಸುವುದು ಎಲ್ಲಿ ಎಂದರೆ, ಕೊಟ್ಟಿಗೆಗೆ ಬಂದವಕ್ಕೆ ಪಾಪ ಎಂದು ರಸಮೇವು ತಳ್ಳುವುದು. ಹೊಟ್ಟೆ ತುಂಬಿದ ಹಸು ಹೊರಗೆ ಹೋಗಿ ಮೇಯುವುದಿಲ್ಲ, ಬೇಲಿ ಸುತ್ತ ತಿರುಗಿ ಗೊರಸಿನಲ್ಲಿ ನೆಲ ಉತ್ತು ಬಿಡುತ್ತದೆ.

ಇಲ್ಲಿಯ ರೈತರ ನೆನಪಿನ ಕಲ್ಲುಗಳೂ ಹವಾಮಾನದ್ದೇ. 2013ರ ವಸಂತ, ಮೇವು ತೀರಿ ಹೊರದೇಶದಿಂದ ಹುಲ್ಲು ತರಿಸಿದ ವರ್ಷ. 2018, ಮಾರ್ಚಿನಲ್ಲಿ ಹಿಮ, ಬೇಸಿಗೆಯಲ್ಲಿ ಬರ. 2024ರ ವಸಂತ, ಮಳೆ ಬಿಡದೆ ಹಸು ಒಳಗೇ ಉಳಿದದ್ದು. 2025ರ ಜನವರಿ 24ರ ಎಯೋವಿನ್ ಬಿರುಗಾಳಿ, ಲಕ್ಷಾಂತರ ಮನೆಗಳಿಗೆ ಕರೆಂಟು ಹೋಗಿ, ಹಾಲು ಕರೆಯುವ ಯಂತ್ರಕ್ಕೆ ಟ್ರ್ಯಾಕ್ಟರಿನ ಜನರೇಟರ್ ಹುಡುಕಾಡಿದ್ದು. ಈ ನಾಲ್ಕು ಗೊತ್ತಿದ್ದರೆ ಅರ್ಧ ಮಾತು ಅರ್ಥವಾಗುತ್ತದೆ. ಬಿಸಿಲು ಬಂದರೂ ಹಿಗ್ಗುವುದಿಲ್ಲ, 'ಇದಕ್ಕೆ ಮುಂದೆ ದಂಡ ಕಟ್ಟಬೇಕು' ಅನ್ನುತ್ತಾರೆ. ಹೂಂ ಅನ್ನಿ, ಸಾಕು.

ಎರಡನೆಯದು ಕರು. ಇಲ್ಲಿ ಹಸುಗಳೆಲ್ಲ ಜನವರಿ ಕೊನೆಯಿಂದ ಏಪ್ರಿಲ್ ಒಳಗೆ ಒಟ್ಟೊಟ್ಟಿಗೆ ಈಯುತ್ತವೆ, ಹುಲ್ಲು ಏರುವ ಹೊತ್ತಿಗೆ ಹಾಲೂ ಏರಲಿ ಎಂದು. ನಿಮ್ಮನ್ನು ಕರೆಸಿಕೊಳ್ಳುತ್ತಿರುವುದೂ ಅದಕ್ಕೇ. ಗಿಣ್ಣಿನ ವಿಷಯದಲ್ಲಿ ಇಲ್ಲಿ ಒಂದು-ಎರಡು-ಮೂರು ಎಂಬ ಸೂತ್ರ: ಮೊದಲ ಕರೆತದ ಹಾಲು, ಎರಡು ಗಂಟೆಯೊಳಗೆ, ಮೂರು ಲೀಟರ್. ತಾಯಿಯ ಹತ್ತಿರ ಬಿಟ್ಟರೆ ಕುಡಿದೇ ಕುಡಿಯುತ್ತದೆ ಎಂದು ನಂಬಬೇಡಿ, ಎಷ್ಟು ಕುಡಿಯಿತು ಎನ್ನುವುದು ತಿಳಿಯುವುದಿಲ್ಲ. ಗಂಟೆ ಕಳೆದ ಹಾಗೆ ಕರುವಿನ ಕರುಳು ರೋಗನಿರೋಧಕ ಅಂಶವನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ, ಒಂದು ದಿನಕ್ಕೆ ಬಾಗಿಲೇ ಮುಚ್ಚುತ್ತದೆ. ಗಿಣ್ಣಿನ ಗಟ್ಟಿತನ ಅಳೆಯುವ ಬ್ರಿಕ್ಸ್ ಮಾಪಕದಲ್ಲಿ 22ಕ್ಕಿಂತ ಮೇಲೆ ಇದ್ದರೆ ಒಳ್ಳೆಯ ಗಿಣ್ಣು. ಗಿಣ್ಣು ಕಾಯಿಸಿ ಬೆಲ್ಲ ಹಾಕಿ ತಿನ್ನುವ ರೂಢಿ ಇಲ್ಲಿಲ್ಲ. ಈದ ಹಸುವಿನ ಮೊದಲ ನಾಲ್ಕು ದಿನದ ಹಾಲು ದೊಡ್ಡ ಟ್ಯಾಂಕಿಗೂ ಹೋಗಬಾರದು, ಕರುಗಳಿಗೇ.

ಕರು ಹುಟ್ಟಿದ ಕೂಡಲೇ ಕಿವಿಗೆ ಗುರುತಿನ ಓಲೆ (ಟ್ಯಾಗ್) ಚುಚ್ಚಬೇಕು. 2013ರಿಂದ ಬಿವಿಡಿ ಎಂಬ ದನದ ವೈರಸ್ ರೋಗದ ಪರೀಕ್ಷೆ ಕಡ್ಡಾಯ. ಓಲೆ ಚುಚ್ಚುವಾಗಲೇ ಕಿವಿಯ ಒಂದು ಚೂರು ಸಣ್ಣ ಡಬ್ಬಿಯೊಳಗೆ ಬೀಳುತ್ತದೆ, ಅದು ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಹೋಗುತ್ತದೆ. ಕಾನೂನು 20 ದಿನ ಕೊಡುತ್ತದೆ, ಆದರೆ ಮೊದಲ ದಿನವೇ ಮಾಡುವವರು ಜಾಣರು. ಸೋಂಕು ಹೊತ್ತು ಹುಟ್ಟಿದ ಕರು ಅಷ್ಟು ದಿನವೂ ಪಕ್ಕದವಕ್ಕೆ ಹಂಚುತ್ತಿರುತ್ತದೆ. ಡಬ್ಬಿಯನ್ನು ಬೆಳಕಿಗೆ ಹಿಡಿದು ಚೂರು ಬಿದ್ದಿದೆಯೇ ನೋಡಿಯೇ ಲಕೋಟೆಗೆ ಹಾಕಿ. ಖಾಲಿ ಡಬ್ಬಿ ಹೋದರೆ ಮತ್ತೆ ಓಲೆ ತರಿಸಬೇಕು, ಕರು ಮಾರುವುದು ಅಷ್ಟು ದಿನ ಮುಂದಕ್ಕೆ.

ಇನ್ನು ಇವರ ನಿದ್ದೆ ಕೆಡಿಸುವುದು ದನದ ಟಿಬಿ, ಅಂದರೆ ಕ್ಷಯ. ನಿರ್ಮೂಲನ ಯೋಜನೆ ಶುರುವಾಗಿದ್ದು 1954ರಲ್ಲಿ, ಇನ್ನೂ ಮುಗಿದಿಲ್ಲ. 2024ರಲ್ಲಿ ನೂರು ಹಿಂಡುಗಳಲ್ಲಿ ಹತ್ತಿರ ಹತ್ತಿರ ಆರರಲ್ಲಿ ಸಿಕ್ಕಿತು. ಪ್ರತಿ ಹಿಂಡಿಗೂ ವರ್ಷಕ್ಕೊಮ್ಮೆ ಪರೀಕ್ಷೆ. ವೈದ್ಯರು ಕುತ್ತಿಗೆಯ ಒಂದೇ ಬದಿಯಲ್ಲಿ ಎರಡು ಕಡೆ ಕೂದಲು ಕತ್ತರಿಸಿ, ಚರ್ಮದ ಮಡಿಕೆಯನ್ನು ಕ್ಯಾಲಿಪರಿನಲ್ಲಿ ಅಳೆದು, ಮೇಲೆ ಪಕ್ಷಿ ಟಿಬಿಯ ಟ್ಯುಬರ್ಕುಲಿನ್ (ಆ ಸೂಕ್ಷ್ಮಾಣುವಿನಿಂದ ತೆಗೆದ ಪರೀಕ್ಷೆಯ ದ್ರವ), ಕೆಳಗೆ ದನದ ಟಿಬಿಯದು ಚುಚ್ಚುತ್ತಾರೆ. 72 ಗಂಟೆ ಬಿಟ್ಟು ಮತ್ತೆ ಬಂದು ಅದೇ ಜಾಗ ಅಳೆಯುತ್ತಾರೆ. ಕೆಳಗಿನ ಊತ ಮೇಲಿನದಕ್ಕಿಂತ 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಆ ಹಸು ರಿಯಾಕ್ಟರ್, ಅಂದರೆ ಟಿಬಿ ಇದೆ ಎಂದು ಲೆಕ್ಕ, ಕಸಾಯಿಖಾನೆಗೆ. ಮೇಲಿನ ಚುಚ್ಚು ಏಕೆ ಎಂದು ಕೇಳಬಹುದು: ಹಕ್ಕಿಗಳಿಂದ, ಮಣ್ಣಿನಿಂದ ಬರುವ ಬೇರೆ ಸೂಕ್ಷ್ಮಾಣುಗಳಿಗೂ ಚರ್ಮ ಊದುತ್ತದೆ, ಎರಡನ್ನೂ ತೂಗಿ ನೋಡದಿದ್ದರೆ ಸುಮ್ಮನೆ ಹಸು ಹೋಗುತ್ತವೆ.

ಸರ್ಕಾರ ಆ ಹಸುವಿಗೆ ಬೆಲೆ ಕಟ್ಟಿ ಪರಿಹಾರ ಕೊಡುತ್ತದೆ. ಹಾಗಾದರೆ ಹೆದರಿಕೆ ಯಾತಕ್ಕೆ? ಹಿಂಡಿಗೆ ಬೀಗ ಬೀಳುತ್ತದೆ, ಅದಕ್ಕೆ. 60 ದಿನ ಅಂತರದಲ್ಲಿ ಎರಡು ಪರೀಕ್ಷೆ ಶುದ್ಧವಾಗಿ ಬರುವ ತನಕ ಕಸಾಯಿಖಾನೆಗೆ ಬಿಟ್ಟು ಸಂತೆಗೆ ಮಾರುವ ಹಾಗಿಲ್ಲ. ಮಾರ್ಚಿನಲ್ಲಿ ಬೀಗ ಬಿದ್ದರೆ ಎರಡು ವಾರಕ್ಕೆ ಹೋಗಬೇಕಾಗಿದ್ದ ಗಂಡುಕರುಗಳೆಲ್ಲ ಕೊಟ್ಟಿಗೆಯಲ್ಲೇ; ಜಾಗ ಸಾಲದು, ಹಾಲು ಸಾಲದು, ಭೇದಿ ಹರಡುತ್ತದೆ. ಬ್ಯಾಜರ್ ಎಂಬ ಕಾಡುಪ್ರಾಣಿ ಟಿಬಿ ಹರಡುತ್ತದೆ ಎಂಬ ಮಾತು ಇಲ್ಲಿ ಎದ್ದೇ ಏಳುತ್ತದೆ, ಅದು ಸುಳ್ಳೂ ಅಲ್ಲ, ಅವಕ್ಕೆ ಲಸಿಕೆಯನ್ನೂ ಹಾಕುತ್ತಾರೆ. ನೀವು ಆ ಜಗಳಕ್ಕೆ ಹೋಗಬೇಡಿ. ಪಕ್ಕದವರ ಟೆಸ್ಟ್ ಏನಾಯಿತು ಎಂದು ನೀವಾಗಿ ಕೇಳಲೂ ಬೇಡಿ. ಅವರೇ ಹೇಳಿದರೆ ಕೇಳಿಸಿಕೊಳ್ಳಿ.

ದನದ ಬೇರೆ ಖಾಯಿಲೆಗಳಲ್ಲಿ ನಮ್ಮವರಿಗೆ ಅಷ್ಟಾಗಿ ಪರಿಚಯ ಇಲ್ಲದ್ದು ಗ್ರಾಸ್ ಟೆಟನಿ. ವಸಂತದ ಎಳೆ ಹುಲ್ಲಿನಲ್ಲಿ ಮೆಗ್ನೀಸಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ. ಇದ್ದ ಮೆಗ್ನೀಸಿಯಮ್ಮನ್ನೂ ಆ ಪೊಟ್ಯಾಸಿಯಂ ಹೀರಗೊಡುವುದಿಲ್ಲ. ಹಸುವಿಗೆ ತಕ್ಷಣ ತೆಗೆದು ಬಳಸುವ ದಾಸ್ತಾನು ಮೈಯಲ್ಲಿಲ್ಲ. ಚಳಿಗಾಳಿ, ಮಳೆಗೆ ಅರ್ಧ ದಿನ ಮೇವು ಬಿಟ್ಟಿತೆಂದರೆ ಕಿವಿ ನಿಮಿರಿ, ಕಣ್ಣು ಬಿಟ್ಟು, ಮೈ ಅದುರಿ, ಬಿದ್ದು ಒದ್ದಾಡುತ್ತದೆ; ಎಷ್ಟೋ ಸಲ ಬೆಳಿಗ್ಗೆ ಸತ್ತ ಹಸುವೇ ಸಿಗುವುದು, ಸುತ್ತ ಕಾಲಿನಿಂದ ಕೆದರಿದ ನೆಲ. ತಡೆಯಲು ದಿನಕ್ಕೆ ಒಂದು ಹಸುವಿಗೆ 60 ಗ್ರಾಂ ಕ್ಯಾಲ್ಸೈನ್ಡ್ ಮ್ಯಾಗ್ನಸೈಟ್ ಎಂಬ ಮೆಗ್ನೀಸಿಯಂ ಪುಡಿ, ಹಿಂಡಿಯಲ್ಲಿ ಬೆರೆಸಿ. ರುಚಿ ಇಲ್ಲದ್ದರಿಂದ ಕಾಕಂಬಿ ಬೇಕು. ನಿನ್ನೆ ಕೊಟ್ಟದ್ದು ಇವತ್ತಿಗೆ ಬರುವುದಿಲ್ಲ, ದಿನಾ ಕೊಡಬೇಕು. ಬಿದ್ದ ಹಸುವನ್ನು ಎಬ್ಬಿಸಿ ಓಡಿಸಬೇಡಿ, ಗದ್ದಲ ಮಾಡಬೇಡಿ, ವೈದ್ಯರಿಗೆ ಫೋನ್ ಮಾಡಿ. ಅವರು ಬರುವ ತನಕ 400 ಮಿಲಿ, ಶೇಕಡ 25ರ ಮೆಗ್ನೀಸಿಯಂ ಸಲ್ಫೇಟ್ ಚರ್ಮದ ಕೆಳಗೆ ಕೊಡುವುದು ವಾಡಿಕೆ. ರಕ್ತನಾಳಕ್ಕೆ ಹಾಕಿದರೆ ಹೃದಯ ನಿಲ್ಲುತ್ತದೆ.

ಸಗಣಿ ಗುಂಡಿಯ ವಿಷಯ ಇದಕ್ಕಿಂತ ಗಂಭೀರ, ಇದರಲ್ಲಿ ಹೋಗುವುದು ಮನುಷ್ಯರ ಜೀವ. ಕೊಟ್ಟಿಗೆಯ ನೆಲಕ್ಕೆ ಸಗಣಿ ಇಳಿಯುವ ಸೀಳುಗಳು, ಅದರ ಕೆಳಗೇ ಗುಂಡಿ. ಚಳಿಗಾಲದ ಸಗಣಿ, ಗಂಜಲ ಪೂರ್ತಿ ಅಲ್ಲೇ ನಿಂತಿರುತ್ತದೆ, ಏಕೆಂದರೆ ಅಕ್ಟೋಬರ್ 1ರಿಂದ ಅದನ್ನು ಹೊಲಕ್ಕೆ ಹಾಕುವಂತಿಲ್ಲ. ಕಾರ್ಕ್ ಕಡೆ ಜನವರಿ 13ಕ್ಕೆ ಅನುಮತಿ, ಉತ್ತರದ ಡೊನೆಗಾಲ್ ಕಡೆ ಫೆಬ್ರವರಿ 1ಕ್ಕೆ. ಹಾಕುವ ಮುಂಚೆ ಟ್ರ್ಯಾಕ್ಟರಿನ ಕಡೆಗೋಲಿನಿಂದ ಕಲಕುತ್ತಾರೆ. ಕಲಕಿದ ಕೂಡಲೇ ಹೈಡ್ರೋಜನ್ ಸಲ್ಫೈಡ್ ಮೇಲೇಳುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ, ಜಾಸ್ತಿ ಆದಾಗ ಮೂಗು ಮರಗಟ್ಟಿ ನಾತವೇ ತಿಳಿಯುವುದಿಲ್ಲ. ಒಂದೆರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ಗಾಳಿ ಇರುವ ದಿನವೇ ಕಲಕಬೇಕು. ದನಗಳನ್ನೆಲ್ಲ ಹೊರಗೆ ಕಟ್ಟಿ, ಎಲ್ಲ ಬಾಗಿಲು ತೆರೆದು, ಯಂತ್ರ ಶುರು ಮಾಡಿ ಹೊರಗೆ ಬಂದು ಮೊದಲ ಅರ್ಧ ಗಂಟೆ ಯಾರೂ ಒಳಗೆ ಹೋಗಬಾರದು. ಒಳಗೆ ಬಿದ್ದವರನ್ನು ಎತ್ತಲು ಇಳಿದ ಎರಡನೆಯವರೂ ಹೋಗಿರುವುದು ಇದರಲ್ಲೇ. ಯಜಮಾನರು ಅವಸರಪಡಿಸಿದರೂ ಈ ಒಂದರಲ್ಲಿ ಬಗ್ಗಬೇಡಿ.

ದುಡ್ಡಿನ ಮಾತು ತಿಂಗಳಿಗೊಮ್ಮೆ ಏಳುತ್ತದೆ, ಸಹಕಾರ ಸಂಘಗಳು ಹಾಲಿನ ದರ ಸಾರಿದಾಗ. ನಮ್ಮ ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ನೋಡುವ ಹಾಗೆ ಇಲ್ಲಿ ಕೊಬ್ಬು ಮತ್ತು ಪ್ರೋಟೀನಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟು, ನೀರಿನ ಭಾರ ಸಾಗಿಸಿದ್ದಕ್ಕೆ ಒಂದಿಷ್ಟು ಕಳೆಯುತ್ತಾರೆ. ಲೀಟರಿಗೆ ಇಷ್ಟು ಸೆಂಟ್ ಎಂದು ಹೇಳುವಾಗ ಶೇಕಡ 3.6 ಕೊಬ್ಬು, ಶೇಕಡ 3.3 ಪ್ರೋಟೀನಿನ ಹಾಲು ಎಂದು ಲೆಕ್ಕ. 2022ರಲ್ಲಿ 50 ಸೆಂಟ್ ದಾಟಿದ್ದು 2023ರಲ್ಲಿ 35ರ ಆಸುಪಾಸಿಗೆ ಇಳಿಯಿತು. ಮುಂದಿನ ತಿಂಗಳು ಏನೋ ಎಂಬ ಅಳುಕು ಅಲ್ಲಿಂದ. ನಿಮ್ಮ ಕೈಯಲ್ಲಿರುವುದು ಒಂದೇ: ಔಷಧಿ ಕೊಟ್ಟ ಹಸುವಿನ ಹಾಲು ಟ್ಯಾಂಕಿಗೆ ಬೀಳದ ಹಾಗೆ ನೋಡುವುದು. ಕೆಚ್ಚಲು ಬಾವು ಬಂದ ಹಸುವಿಗೆ ಔಷಧಿಯ ಟ್ಯೂಬ್ ಹಾಕುವ *ಮುಂಚೆಯೇ* ಎರಡೂ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿ, ಕೆಚ್ಚಲಿಗೆ ಬಣ್ಣ ಹೊಡೆದು, ಬೋರ್ಡಿನಲ್ಲಿ ಬರೆಯಿರಿ. ಆಮೇಲೆ ಕಟ್ಟೋಣ ಎಂದವರೇ ಮರೆಯುವುದು. ಆ ಹಸುಗಳನ್ನು ಕೊನೆಯಲ್ಲಿ, ಬೇರೆ ಬಕೆಟ್ಟಿಗೆ ಕರೆಯಿರಿ. ತಪ್ಪಿ ಬಿದ್ದರೆ ಕೂಡಲೇ ಹೇಳಿ. ಟ್ಯಾಂಕಿನ ಹಾಲು ಚೆಲ್ಲಿದರೆ ಒಂದು ನಷ್ಟ, ಲಾರಿಗೆ ಹೋಗಿ ಪರೀಕ್ಷೆಯಲ್ಲಿ ಸಿಕ್ಕಿದರೆ ಹತ್ತು ನಷ್ಟ.

ನೈಟ್ರೇಟ್ ವಿನಾಯಿತಿ ಎಂಬ ಮಾತೂ ಕಿವಿಗೆ ಬೀಳುತ್ತದೆ. ಯುರೋಪಿನ ಮಿತಿ ಹೆಕ್ಟೇರಿಗೆ 170 ಕಿಲೋ ಸಗಣಿ ಸಾರಜನಕ. ಇಲ್ಲಿಯವರಿಗೆ 250ರ ತನಕ ಬಿಟ್ಟಿದ್ದರು, 2024ರಿಂದ ಹಲವು ಕಡೆ 220ಕ್ಕೆ ಇಳಿಸಿದರು. ಅಷ್ಟೇ ಜಮೀನಿನಲ್ಲಿ ಹಸು ಕಡಿಮೆ ಮಾಡಬೇಕು, ಇಲ್ಲವೇ ಜಮೀನು ಗುತ್ತಿಗೆಗೆ ಹಿಡಿಯಬೇಕು. ಗುತ್ತಿಗೆ ದರ ಏರಿದ್ದಕ್ಕೆ ಬೈಗುಳ ಎಲ್ಲ ಅಲ್ಲಿಗೇ.

ಸಂತೆಯನ್ನು ಮಾರ್ಟ್ ಅನ್ನುತ್ತಾರೆ, ಹರಾಜು ಬಹಿರಂಗ. ನಮ್ಮ ದನದ ಜಾತ್ರೆಯ ಟವೆಲ್ಲಿನಡಿ ಬೆರಳು ಹಿಡಿಯುವ ವ್ಯಾಪಾರ ಇಲ್ಲಿಲ್ಲ. ಆದರೆ ಮಾರಿದವರು ಕೊಂಡವರ ಕೈಗೆ ಹತ್ತೋ ಇಪ್ಪತ್ತೋ ಯೂರೋ ವಾಪಸ್ ಇಡುವುದುಂಟು, ಹಸು ಅವರಿಗೆ ಕೂಡಿಬರಲಿ ಎಂದು. 2025ರಲ್ಲಿ ಮಾಂಸದ ದನಕ್ಕೆ ಕಿಲೋಗೆ 7 ಯೂರೋ ದಾಟಿದ ಮೇಲೆ ಕರುಗಳ ದರವೂ ಏರಿತು. ಕರು ಸಾಯಗೊಡುವುದು ಮೊದಲಿನಷ್ಟು ಸಸ್ತಾ ತಪ್ಪಲ್ಲ.

ನಡೆನುಡಿ ಸ್ವಲ್ಪ. ಎದುರು ಬರುವ ಗಾಡಿಯವರು ಸ್ಟೇರಿಂಗಿನಿಂದ ಒಂದು ಬೆರಳು ಎತ್ತುತ್ತಾರೆ, ಗುರುತಿಲ್ಲದವರಿಗೂ; ನೀವೂ ಎತ್ತಿ. ಎಷ್ಟು ಎಕರೆ, ಎಷ್ಟು ಹಸು ಎಂದು ಕೇಳಬೇಡಿ, ಅದು ಬ್ಯಾಂಕ್ ಪುಸ್ತಕ ತೋರಿಸಿ ಎಂದು ಕೇಳಿದ ಹಾಗೆ. ಮುಂದೆ ಜಮೀನು ಯಾರು ನೋಡಿಕೊಳ್ಳುತ್ತಾರೆ ಎಂದಂತೂ ಬಾಯಿ ಬಿಡಬೇಡಿ: 2020ರ ಗಣತಿಯಲ್ಲಿ ಮೂರರಲ್ಲಿ ಒಬ್ಬರು ರೈತರು 65 ದಾಟಿದವರು, 35ರ ಒಳಗಿನವರು ನೂರಕ್ಕೆ ಏಳು. ಹರ್ಲಿಂಗ್ (ಇಲ್ಲಿಯ ಕೋಲು-ಚೆಂಡಿನ ಆಟ) ಪಂದ್ಯದ ಬಗ್ಗೆ ಎಷ್ಟು ಬೇಕಾದರೂ ಕೇಳಿ. ಊರಲ್ಲಿ ಸಾವಾದರೆ ಹೋಗಿ ಕೈ ಹಿಡಿದು ಬನ್ನಿ.

ಬಂದ ಮೊದಲ ದಿನವೇ ಮೂರು ಬರೆದುಕೊಳ್ಳಿ: ದನದ ವೈದ್ಯರ ನಂಬರು, ಕರೆಂಟಿನ ಮೇನ್ ಸ್ವಿಚ್ ಎಲ್ಲಿದೆ, ಫಾರ್ಮಿನ ಏಳು ಅಕ್ಷರ-ಅಂಕಿಗಳ ವಿಳಾಸದ ಕೋಡ್, ಅಂದರೆ ಏರ್‌ಕೋಡ್. 112ಕ್ಕೆ ಫೋನ್ ಮಾಡಿದಾಗ ಆಂಬುಲೆನ್ಸಿಗೆ ದಾರಿ ಹೇಳುವ ಪಾಡು ಇರುವುದಿಲ್ಲ, ಆ ಕೋಡ್ ಹೇಳಿದರೆ ನೇರ ಅಂಗಳಕ್ಕೇ ಬರುತ್ತಾರೆ.