ಪ್ರತಿಕ್ರಿಯೆ: ಒಟ್ಟು ರಫ್ತು ಇಳಿದ ವರ್ಷದಲ್ಲಿ ಎಲೆಕ್ಟ್ರಾನಿಕ್ಸ್ ಏರಿದ್ದು ಹೇಗೆ?

2023-24ರಲ್ಲಿ ಭಾರತದ ಸರಕು ರಫ್ತು ಸುಮಾರು 451 ಬಿಲಿಯನ್ ಡಾಲರ್‌ಗಳಿಂದ 437 ಬಿಲಿಯನ್‌ಗೆ ಇಳಿದಿರುವಾಗ ಎಲೆಕ್ಟ್ರಾನಿಕ್ಸ್ ಮಾತ್ರ ಏರಿದ್ದು ಹೇಗೆಂದು ನೀವು ಕೇಳಿದ್ದೀರಿ. ಏರಿದ್ದು ಅದೊಂದೇ ಅಲ್ಲ. ಔಷಧಗಳ ಗಳಿಕೆಯೂ ಹೆಚ್ಚಿತು, ಎಂಜಿನಿಯರಿಂಗ್ ಸರಕುಗಳೂ ತುಸು ಮೇಲೇರಿದವು.

ಇಳಿಕೆಯ ದೊಡ್ಡ ಪಾಲು ಪೆಟ್ರೋಲಿಯಂ ಉತ್ಪನ್ನಗಳದ್ದು: ಅವುಗಳ ಗಳಿಕೆ ಸುಮಾರು 97 ಬಿಲಿಯನ್‌ನಿಂದ 84 ಬಿಲಿಯನ್‌ಗೆ ಕುಸಿಯಿತು. ಉಕ್ರೇನ್ ಯುದ್ಧದಿಂದ 2022ರಲ್ಲಿ ಗಗನಕ್ಕೇರಿದ್ದ ತೈಲದ ಬೆಲೆ ಮರುವರ್ಷ ಇಳಿದಿದ್ದೇ ಇದಕ್ಕೆ ಮುಖ್ಯ ಕಾರಣವಾದ್ದರಿಂದ, ಇದನ್ನು ಸಂಸ್ಕರಣಾಗಾರಗಳ ಸೋಲೆಂದು ಓದುವುದು ತಪ್ಪಾಗುತ್ತದೆ. ಅಮೆರಿಕ ಮತ್ತು ಚೀನಾದಲ್ಲಿ ಬೇಡಿಕೆ ತಗ್ಗಿದ್ದರಿಂದ ವಜ್ರಾಭರಣಗಳ ರಫ್ತೂ ಕುಗ್ಗಿತು. ಅಕ್ಕಿಯದು ಬೇರೆಯೇ ಕಥೆ. ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು 2023ರ ಜುಲೈನಲ್ಲಿ ಸರ್ಕಾರವೇ ನಿಷೇಧಿಸಿತ್ತು.

ಎಲೆಕ್ಟ್ರಾನಿಕ್ಸ್ ರಫ್ತು ಸುಮಾರು 23.6 ಬಿಲಿಯನ್‌ನಿಂದ 29 ಬಿಲಿಯನ್ ದಾಟಿದ್ದರ ಹಿಂದೆ ಬಹುಮಟ್ಟಿಗೆ ಮೊಬೈಲ್ ಫೋನ್‌ಗಳಿವೆ. ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯ ನಂತರ ಜೋಡಣಾ ಘಟಕಗಳು ಇಲ್ಲಿ ಬೆಳೆದವು. ಆದರೆ ಈ ಅಂಕಿ ಫೋನಿನ ಪೂರ್ಣ ಬೆಲೆಯನ್ನು ಎಣಿಸುತ್ತದೆ. ಆಮದಾದ ಚಿಪ್, ಪರದೆಗಳ ವೆಚ್ಚ ಕಳೆದರೆ ದೇಶದಲ್ಲಿ ಉಳಿಯುವುದು ಅದಕ್ಕಿಂತ ಬಹಳ ಕಡಿಮೆ.

ತೈಲದಂತೆ ಬೆಲೆಯಿಂದಲೇ ಡಾಲರ್ ಮೊತ್ತ ಬದಲಾಗುವುದಕ್ಕೆ ಹೋಲಿಕೆಯಾಗಿ ಕಾಫಿಯನ್ನು ನೋಡಬಹುದು. ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು. 2024-25ರಲ್ಲಿ ಭಾರತದ ಕಾಫಿ ರಫ್ತಿನ ಗಳಿಕೆ ಸುಮಾರು 1.8 ಬಿಲಿಯನ್ ಡಾಲರ್ ಮುಟ್ಟಿದ್ದು ಕೊಡಗು, ಚಿಕ್ಕಮಗಳೂರಿನ ಗಿಡಗಳು ಇದ್ದಕ್ಕಿದ್ದಂತೆ ಹೆಚ್ಚು ಫಲ ಕೊಟ್ಟಿದ್ದರಿಂದಲ್ಲ, ಬ್ರೆಜಿಲ್ ಮತ್ತು ವಿಯೆಟ್ನಾಂನ ಬೆಳೆಗೆ ಬರದ ಪೆಟ್ಟು ಬಿದ್ದು ಜಾಗತಿಕ ಬೆಲೆ ಏರಿದ್ದರಿಂದ. ಹಾಗಾಗಿ ರಫ್ತಿನ ಅಂಕಿಗಳನ್ನು ಪಟ್ಟಿ ಮಾಡುವಾಗ ಡಾಲರ್ ಮೊತ್ತದ ಪಕ್ಕದಲ್ಲೇ ಟನ್ ಲೆಕ್ಕದ ಒಂದು ಅಂಕಣವನ್ನೂ ಸೇರಿಸಿಕೊಳ್ಳಿ.