ಸಗಣಿ ಹುಳುವಿನ ತಲೆಗೊಂದು ಟೋಪಿ

ವಿಜ್ಞಾನಿಗಳಲ್ಲದವರು ಹುಳು, ಹಕ್ಕಿ, ಗಿಡಗಳ ಕುರಿತ ವಿಚಿತ್ರ ಸಂಶೋಧನೆಗಳನ್ನು ಅಷ್ಟು ಆಸೆಯಿಂದ ಓದುವುದೇಕೆ, ಅದರಲ್ಲಿ ಸಿಗುವ ಸಂತೋಷ ಎಂಥದು, ಹೊಸಬರು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ.

ನಾನು ಯಾವ ಪ್ರಯೋಗಾಲಯದಲ್ಲೂ ಕೆಲಸ ಮಾಡಿಲ್ಲ. ಓದುವುದು, ಕಣ್ಣಿಗೆ ಬಿದ್ದದ್ದನ್ನು ಕುಳಿತು ನೋಡುವುದು, ಕೇಳುವ ಕಿವಿ ಸಿಕ್ಕರೆ ಹೇಳುವುದು, ಇಷ್ಟೇ ನನ್ನ ವಿಜ್ಞಾನ. ಮೊದಲೆಲ್ಲ ಸಂಗತಿಯೊಂದೇ ಸಾಕಾಗುತ್ತಿತ್ತು. ಯಾವುದೋ ಹಕ್ಕಿ ಇಷ್ಟು ಸಾವಿರ ಕಿಲೋಮೀಟರ್ ಹಾರುತ್ತದಂತೆ ಎಂದು ಓದಿ ಬೆರಗಾದರೆ ಅಲ್ಲಿಗೆ ಮುಗಿಯಿತು. ಈಗ ಅಷ್ಟಕ್ಕೆ ತೃಪ್ತಿಯಾಗುವುದಿಲ್ಲ. ಅದನ್ನು ಕಂಡುಹಿಡಿದದ್ದು ಹೇಗೆ ಎಂದು ತಿಳಿಯುವವರೆಗೆ ಮನಸ್ಸು ಸುಮ್ಮನಿರುವುದಿಲ್ಲ. ಹುಳುವಿಗೆ ಮಾತು ಬರುವುದಿಲ್ಲ. ಅದರ ಬಾಯಿ ಬಿಡಿಸಲು ಯಾರೋ ಒಂದು ಉಪಾಯ ಹೂಡಿರುತ್ತಾರೆ. ಆ ಉಪಾಯ ಅರ್ಥವಾದ ಗಳಿಗೆಯಲ್ಲಿ ಆಗುವ ಸಂತೋಷಕ್ಕಾಗಿಯೇ ನಾನು ಇವನ್ನೆಲ್ಲ ಓದುತ್ತೇನೆ.

ಆಫ್ರಿಕಾದ ಸಗಣಿ ಹುಳುವನ್ನೇ ತೆಗೆದುಕೊಳ್ಳಿ. ರಾತ್ರಿ ಹೊತ್ತು ಸಗಣಿಯ ರಾಶಿಗೆ ಹಾರಿ ಬರುತ್ತದೆ, ಉಂಡೆ ಕಟ್ಟುತ್ತದೆ, ತಲೆಕೆಳಗಾಗಿ ನಿಂತು ಹಿಂಗಾಲಿನಿಂದ ಅದನ್ನು ತಳ್ಳಿಕೊಂಡು ಹಿಮ್ಮುಖವಾಗಿ ಹೊರಡುತ್ತದೆ. ರಾಶಿಯ ಸುತ್ತ ಬೇರೆ ಹುಳುಗಳೂ ಇರುತ್ತವೆ; ತಾವೇ ಕಟ್ಟುವ ಬದಲು ಇನ್ನೊಂದು ಕಟ್ಟಿದ್ದನ್ನು ಕಿತ್ತುಕೊಳ್ಳಲು ಅವು ಹಿಂದೆಮುಂದೆ ನೋಡುವುದಿಲ್ಲ. ಹಾಗಾಗಿ ಬೇಗ ದೂರ ಹೋಗಬೇಕು, ಅದಕ್ಕೆ ನೇರವಾಗಿ ಹೋಗಬೇಕು. ಸುತ್ತಿ ಬಳಸಿ ಮತ್ತೆ ರಾಶಿಯ ಬಳಿಗೇ ಬಂದರೆ ದುಡಿಮೆಯೆಲ್ಲ ಪರರ ಪಾಲು. ಇಂಥ ಹುಳುಗಳು ಬೆಳದಿಂಗಳ ಆಧಾರದಿಂದ ದಾರಿ ನೇರ ಇಟ್ಟುಕೊಳ್ಳುತ್ತವೆ ಎಂಬುದು 2003ರಲ್ಲಿಯೇ ಗೊತ್ತಾಗಿತ್ತು. ಆದರೆ ಚಂದ್ರನೇ ಇಲ್ಲದ ರಾತ್ರಿಯಲ್ಲೂ, ಆಕಾಶ ಶುಭ್ರವಾಗಿದ್ದರೆ, ಅವು ದಾರಿ ತಪ್ಪುತ್ತಿರಲಿಲ್ಲ. ಹಾಗಾದರೆ ನಕ್ಷತ್ರಗಳನ್ನು ನೋಡುತ್ತಿವೆಯೇ?

ಇಲ್ಲಿಂದ ಮುಂದಿನದು ನನಗೆ ಎಷ್ಟು ಸಲ ಹೇಳಿದರೂ ಸಾಲದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಮರೀ ಡಾಕೆ ಮತ್ತು ಸಂಗಡಿಗರು ಹುಳುವಿನ ತಲೆಗೆ ಪುಟ್ಟದೊಂದು ರಟ್ಟಿನ ಟೋಪಿ ತೊಡಿಸಿದರು. ಮೇಲಿನ ಆಕಾಶ ಕಾಣದಂತಾಯಿತು. ಹುಳು ಅಂಕುಡೊಂಕಾಗಿ ಅಲೆಯತೊಡಗಿತು. ಸರಿ, ಸಿಕ್ಕಿತು ಉತ್ತರ ಎಂದು ನಾನಾಗಿದ್ದರೆ ಕುಣಿದಾಡುತ್ತಿದ್ದೆ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಆಕಾಶ ಕಾಣದ್ದಕ್ಕೆ ದಾರಿ ತಪ್ಪಿತೋ, ತಲೆಯ ಮೇಲೆ ಏನೋ ಕುಳಿತ ಕಿರಿಕಿರಿಗೆ ತಪ್ಪಿತೋ? ಅದಕ್ಕೆ ಇನ್ನು ಕೆಲವು ಹುಳುಗಳಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಟೋಪಿ ತೊಡಿಸಿದರು. ತಲೆಯ ಮೇಲೆ ಟೋಪಿಯೂ ಇದೆ, ಆಕಾಶವೂ ಕಾಣುತ್ತದೆ. ಆ ಹುಳುಗಳು ನೇರವಾಗಿಯೇ ಹೋದವು. ಈ ಎರಡನೆಯ ಟೋಪಿಯನ್ನು ಯೋಚಿಸಿದ ತಲೆಗೆ ಕೈ ಮುಗಿಯಬೇಕು ಎನಿಸುತ್ತದೆ.

ಆಮೇಲೆ ಹುಳುಗಳನ್ನು ಜೋಹಾನ್ಸ್‌ಬರ್ಗ್‌ನ ತಾರಾಲಯದೊಳಕ್ಕೇ ಕೊಂಡೊಯ್ದರು. ಅಲ್ಲಿ ಆಕಾಶ ಅವರ ಕೈಯಲ್ಲಿತ್ತು. ಒಮ್ಮೆ ಪೂರ್ತಿ ನಕ್ಷತ್ರಗಳು, ಒಮ್ಮೆ ಅತಿ ಪ್ರಕಾಶದ ಕೆಲವೇ ನಕ್ಷತ್ರಗಳು, ಒಮ್ಮೆ ಆಕಾಶಗಂಗೆಯ ಮಸುಕು ಪಟ್ಟಿ ಮಾತ್ರ. ಕತ್ತಲಲ್ಲಿ ಹುಳು ವೇದಿಕೆಯ ಅಂಚಿಗೆ ಬಂದು ಕೆಳಗಿನ ತೊಟ್ಟಿಗೆ ದೊಪ್ಪನೆ ಬಿದ್ದ ಸದ್ದು ಕೇಳಿಸಿದಾಗ ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳುತ್ತಿದ್ದರು. ನೇರ ಬಂದ ಹುಳು ಬೇಗ ಬೀಳುತ್ತದೆ, ಅಲೆದಾಡಿದ ಹುಳು ತಡವಾಗಿ ಬೀಳುತ್ತದೆ. ಆಕಾಶಗಂಗೆಯೊಂದೇ ಇದ್ದಾಗಲೂ ಹುಳುಗಳು ಪೂರ್ತಿ ನಕ್ಷತ್ರಗಳಿದ್ದಾಗಿನಷ್ಟೇ ಚೆನ್ನಾಗಿ ಬಂದವು. ಬಿಡಿ ನಕ್ಷತ್ರಗಳಲ್ಲಿ ಬಹುಪಾಲು ಅವುಗಳ ಕಣ್ಣಿಗೆ ತೀರಾ ಮಂಕು. ಆ ಬೆಳಕಿನ ಪಟ್ಟಿ ಮಾತ್ರ ಸಾಕಷ್ಟು ಕಾಣುತ್ತದೆ. 2013ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂತು. ನೆಲದ ಮೇಲೆ ಸಗಣಿ, ಮೇಲೆ ಆಕಾಶಗಂಗೆ, ನಡುವೆ ಈ ಹುಳು! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ನಂಬಿ.

ಇದೇ ಬಳಗದವರು ಅದಕ್ಕೂ ಮೊದಲು ಹಗಲಿನ ಸಗಣಿ ಹುಳುಗಳ ಮುಂಗಾಲುಗಳಿಗೆ ಸಿಲಿಕೋನಿನ ಬೂಟು ಹಾಕಿದ್ದರು. ಮಧ್ಯಾಹ್ನದ ಮರಳು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹುಳು ಆಗಾಗ ಉಂಡೆಯ ಮೇಲೆ ಹತ್ತಿ ನಿಲ್ಲುವುದು ಕಾಲು ತಂಪು ಮಾಡಿಕೊಳ್ಳುವುದಕ್ಕೋ ಎಂಬ ಸಂಶಯ ಅವರದು. ಬೂಟು ಹಾಕಿದ ಹುಳುಗಳು ಉಂಡೆ ಹತ್ತುವುದು ಕಡಿಮೆಯಾಯಿತು. ಒದ್ದೆ ಉಂಡೆಯಿಂದ ನೀರು ಆವಿಯಾಗುತ್ತ ಅದು ತಂಪಾಗಿಯೇ ಇರುತ್ತದೆ.

ಇದೇ ಬಗೆಯ ಇನ್ನೊಂದು ಉಪಾಯವನ್ನು ಇರುವೆಗಳ ಮೇಲೆ ಹೂಡಿದ್ದರು. ಸಹಾರಾ ಮರುಭೂಮಿಯ ಕ್ಯಾಟಗ್ಲಿಫಿಸ್ ಎಂಬ ಇರುವೆ ಆಹಾರ ಹುಡುಕುತ್ತ ಎಲ್ಲೆಲ್ಲೋ ಅಲೆದು, ಸಿಕ್ಕ ಕೂಡಲೇ ಗೂಡಿಗೆ ನೆಟ್ಟಗೆ ವಾಪಸಾಗುತ್ತದೆ. ಆ ಬಿಸಿಲಿನಲ್ಲಿ ವಾಸನೆಯ ಜಾಡು ಉಳಿಯುವುದಿಲ್ಲ. ದಿಕ್ಕನ್ನು ಆಕಾಶದ ಬೆಳಕಿನಿಂದ ತಿಳಿಯುತ್ತದೆ, ದೂರವನ್ನು ಹೇಗೆ ತಿಳಿಯುತ್ತದೆ? ಹೆಜ್ಜೆ ಎಣಿಸುತ್ತದೆಯೇ? 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇರುವೆಗಳನ್ನು ಗೂಡಿನಿಂದ 10 ಮೀಟರ್ ದೂರದ ಆಹಾರದವರೆಗೆ ನಡೆಯಲು ಬಿಟ್ಟರು. ಅಲ್ಲಿ ಹಿಡಿದು ಕೆಲವಕ್ಕೆ ಹಂದಿಯ ಕೂದಲಿನ ಮರಗಾಲು ಅಂಟಿಸಿದರು, ಕೆಲವಕ್ಕೆ ಕಾಲಿನ ತುದಿ ಕತ್ತರಿಸಿದರು. ಆಮೇಲೆ ವಾಪಸು ಬಿಟ್ಟರು. ಮರಗಾಲಿನ ಇರುವೆ ಸುಮಾರು 15 ಮೀಟರ್ ಹೋಗಿ ಗೂಡು ಹುಡುಕತೊಡಗಿತು; ಮೋಟುಗಾಲಿನ ಇರುವೆ 6 ಮೀಟರ್ ಮುಟ್ಟುವ ಮೊದಲೇ. ಬರುವಾಗ ಎಷ್ಟು ಹೆಜ್ಜೆಯೋ ಹೋಗುವಾಗಲೂ ಅಷ್ಟೇ ಹೆಜ್ಜೆ, ಹೆಜ್ಜೆಯ ಉದ್ದ ಬದಲಾಗಿದೆ ಎಂಬುದು ಮಾತ್ರ ಅದರ ಲೆಕ್ಕಕ್ಕೆ ಬಂದಿಲ್ಲ. ಅದೇ ಇರುವೆಗಳು ಬದಲಾದ ಕಾಲಿನಲ್ಲೇ ಗೂಡಿನಿಂದ ಹೊರಟು ಬಂದಾಗ ಲೆಕ್ಕ ಸರಿಹೋಯಿತು. ಕಾಲು ಕತ್ತರಿಸಿದ್ದು ಓದಿದಾಗ ಪಾಪ ಎನಿಸುತ್ತದೆ, ನನಗೂ ಅನಿಸಿತು. ಆ ಪ್ರಯೋಗ ಉತ್ತರಿಸಿದಷ್ಟು ಸ್ಪಷ್ಟವಾಗಿ ಬೇರೆ ದಾರಿಯಲ್ಲಿ ಉತ್ತರ ಸಿಗುತ್ತಿತ್ತೇ ಎಂದು ಈಗಲೂ ಯೋಚಿಸುತ್ತೇನೆ.

ಕೆಲವೊಮ್ಮೆ ಉತ್ತರ ಸಿಕ್ಕಿದರೂ ಜನ ಒಪ್ಪುವುದಿಲ್ಲ. 1793ರ ಸುಮಾರಿಗೆ ಇಟಲಿಯ ಲಾಝಾರೋ ಸ್ಪಲ್ಲಾಂಜಾನಿ ಕತ್ತಲ ಕೋಣೆಯಲ್ಲಿ ಗೂಬೆ ಗೋಡೆಗೆ ಬಡಿದುಕೊಳ್ಳುವುದನ್ನೂ ಬಾವಲಿ ಬಡಿದುಕೊಳ್ಳದಿರುವುದನ್ನೂ ಗಮನಿಸಿದ. ಕಣ್ಣು ಕಳೆದುಕೊಂಡ ಬಾವಲಿಯೂ ಸರಾಗವಾಗಿ ಹಾರಿತು. ಜಿನೀವಾದ ಲೂಯಿ ಜುರೀನ್ ಅದರ ಕಿವಿ ಮುಚ್ಚಿ ನೋಡಿದ. ಬಾವಲಿ ಎಲ್ಲೆಂದರಲ್ಲಿ ಢಿಕ್ಕಿ ಹೊಡೆಯಿತು. ಅಂದರೆ ಅದು ಕಿವಿಯಿಂದ ನೋಡುತ್ತದೆ! ಬಾವಲಿಯಿಂದ ಯಾವ ಸದ್ದೂ ಕೇಳಿಸದಿರುವಾಗ ಇದೆಂಥ ಮಾತು ಎಂದು ದೊಡ್ಡವರು ತಳ್ಳಿಹಾಕಿದರು. ರೆಕ್ಕೆಯ ಸ್ಪರ್ಶದಿಂದ ತಿಳಿಯುತ್ತದೆ ಎಂಬ, ಫ್ರಾನ್ಸಿನ ಹೆಸರಾಂತ ಪ್ರಾಣಿವಿಜ್ಞಾನಿ ಕ್ಯುವಿಯೇಯ ಅಭಿಪ್ರಾಯವೇ ಬಹುಕಾಲ ನಡೆಯಿತು. 1938ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಭೌತವಿಜ್ಞಾನಿ ಪಿಯರ್ಸ್ ತಯಾರಿಸಿದ್ದ, ಶ್ರವಣಾತೀತ ಧ್ವನಿಯನ್ನು ಹಿಡಿಯುವ ಯಂತ್ರದ ಮುಂದೆ ಬಾವಲಿಗಳನ್ನು ಇಟ್ಟಾಗ ನಮ್ಮ ಕಿವಿಗೆ ನಿಲುಕದ ಕೂಗು ಬಯಲಾಯಿತು. ಜುರೀನ್ ಕಂಡದ್ದು ಸರಿಯೆಂದು ಸಾಬೀತಾಗಲು ಸುಮಾರು 140 ವರ್ಷ ಹಿಡಿಯಿತು.

"ಇದರಿಂದ ಏನು ಉಪಯೋಗ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಸಂಗೀತ ಕೇಳುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಹೊಸಬರಿಗೆ ನಾನು ಹೇಳುವ ಮೊದಲ ಮಾತು, ಏನೇ ಬೆರಗಿನ ಸಂಗತಿ ಓದಿದರೂ "ಇದು ಅವರಿಗೆ ಹೇಗೆ ಗೊತ್ತಾಯಿತು?" ಎಂದು ಕೇಳಿಕೊಳ್ಳಿ. ಮೊಬೈಲಿನಲ್ಲಿ ಹರಿದಾಡುವ ಅರ್ಧ ಸತ್ಯಗಳು ಈ ಒಂದು ಪ್ರಶ್ನೆಗೆ ಉದುರಿಹೋಗುತ್ತವೆ. ಮ್ಯಾಂಟಿಸ್ ಸೀಗಡಿಗೆ ನಾವು ಊಹಿಸಲೂ ಆಗದಷ್ಟು ಬಣ್ಣಗಳು ಕಾಣುತ್ತವೆ ಎಂಬ ಮಾತನ್ನು ನೀವೂ ಓದಿರಬಹುದು. ಬಣ್ಣ ಗ್ರಹಿಸುವ ಕೋಶಗಳು ನಮ್ಮಲ್ಲಿ 3 ಬಗೆ, ಅದರಲ್ಲಿ 12 ಬಗೆ, ಅದು ನಿಜ. ಆದರೆ 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಬಣ್ಣಕ್ಕೆ ಹೋದರೆ ತಿನಿಸು ಸಿಗುತ್ತದೆ ಎಂದು ಸೀಗಡಿಗಳಿಗೆ ಕಲಿಸಿ, ಆಮೇಲೆ ಹತ್ತಿರ ಹತ್ತಿರದ ಬಣ್ಣಗಳನ್ನು ಒಟ್ಟಿಗೆ ತೋರಿಸಿದರು. ನಾವು ಸುಲಭವಾಗಿ ಬೇರ್ಪಡಿಸುವ ಬಣ್ಣಗಳನ್ನೂ ಅವು ಬೇರ್ಪಡಿಸಲಾರದೆ ಹೋದವು. ಬಹುಶಃ ಅವು ನಮ್ಮ ಹಾಗೆ ಬಣ್ಣಗಳನ್ನು ಹೋಲಿಸಿ ನೋಡುವುದಿಲ್ಲ, ಯಾವ ಕೋಶ ಮಿಡಿಯಿತು ಎಂಬುದರಿಂದಲೇ ಇಂಥ ಬಣ್ಣ ಎಂದು ತಟ್ಟನೆ ಗುರುತಿಸುತ್ತವೆ ಎಂದು ಸಂಶೋಧಕರು ಊಹಿಸಿದರು. ಹರಿದಾಡುವ ಕಥೆಗಿಂತ ಇದು ನನಗೆ ಎಷ್ಟೋ ಹೆಚ್ಚು ರೋಚಕ.

ಹವ್ಯಾಸಿಗಳೆಂದರೆ ಬರೀ ಓದುಗರು ಎಂದೂ ತಿಳಿಯಬೇಡಿ. ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂದು ಕೆನಡಾದ ಫ್ರೆಡ್ ಮತ್ತು ನೋರಾ ಅರ್ಕ್‌ಹರ್ಟ್ ದಂಪತಿ ದಶಕಗಳ ಕಾಲ ಹುಡುಕಿದರು. ಚಿಟ್ಟೆಯ ರೆಕ್ಕೆಗೆ ಪುಟ್ಟ ಚೀಟಿ ಅಂಟಿಸಿ ಹಾರಿಬಿಡುವುದು, ಸಿಕ್ಕವರು ಪತ್ರ ಬರೆಯುವುದು, ಇದೇ ಅವರ ವಿಧಾನ. ನೂರಾರು ಸ್ವಯಂಸೇವಕರು ಊರೂರಲ್ಲಿ ಈ ಚೀಟಿ ಅಂಟಿಸುತ್ತಿದ್ದರು. ಆ ಸ್ವಯಂಸೇವಕರಲ್ಲಿದ್ದ ಕೆನ್ ಬ್ರಗ್ಗರ್ ಮತ್ತು ಕ್ಯಾಟಲಿನಾ ಅಗ್ವಾಡೊ 1975ರ ಜನವರಿಯಲ್ಲಿ ಮೆಕ್ಸಿಕೊದ ಬೆಟ್ಟವೊಂದರಲ್ಲಿ ಮರಗಳೇ ಕಾಣದಂತೆ ಮುತ್ತಿಕೊಂಡಿದ್ದ ಲಕ್ಷಾಂತರ ಚಿಟ್ಟೆಗಳನ್ನು ಕಂಡರು. ಅಲ್ಲಿನ ಹಳ್ಳಿಗರಿಗೆ ಆ ಚಿಟ್ಟೆಗಳು ಹೊಸದೇನಲ್ಲ, ಅದನ್ನು ಮರೆಯಬಾರದು. ಅವು ಎಲ್ಲಿಂದ ಬರುತ್ತವೆ ಎಂಬುದಷ್ಟೇ ತಿಳಿದಿರಲಿಲ್ಲ. ಮರುವರ್ಷ ಅರ್ಕ್‌ಹರ್ಟ್ ಅಲ್ಲಿಗೆ ಹೋದಾಗ ಭಾರಕ್ಕೆ ಕೊಂಬೆಯೊಂದು ಮುರಿದು ಬಿತ್ತು. ನೆಲಕ್ಕೆ ಬಿದ್ದ ಚಿಟ್ಟೆಗಳಲ್ಲಿ ಒಂದರ ರೆಕ್ಕೆಯ ಮೇಲೆ ಚೀಟಿ! ಅದನ್ನು ಅಂಟಿಸಿದ್ದು ಅಮೆರಿಕದ ಮಿನೆಸೋಟಾದಲ್ಲಿ, ಶಾಲಾ ಹುಡುಗರು. ಆ ಹುಡುಗರಿಗೆ ಸುದ್ದಿ ಮುಟ್ಟಿದಾಗ ಏನನಿಸಿರಬೇಕು ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಎಲ್ಲಿಂದ ಆರಂಭಿಸಬೇಕು ಎಂದರೆ, ಮಳೆ ತಾಗದ ನಯವಾದ ಒಣ ಮಣ್ಣು ಇರುವ ಕಡೆ ಹುಡುಕಿ. ಗೋಡೆಯ ಬುಡದಲ್ಲಿ, ಸೂರಿನ ಕೆಳಗೆ, ಆಲಿಕೆಯ ಆಕಾರದ ಪುಟ್ಟ ಗುಳಿಗಳು ಕಾಣುತ್ತವೆ. ಅದರ ತಳದಲ್ಲಿ ಮಣ್ಣಿನೊಳಗೆ ಗುಬ್ಬಚ್ಚಿ ಹುಳು (ಇಂಗ್ಲಿಷಿನಲ್ಲಿ ಆಂಟ್‌ಲಯನ್) ಎಂಬ ಮರಿಹುಳು ಕುಳಿತಿರುತ್ತದೆ, ಮಣ್ಣಿನ ಮೇಲೆ ಕಾಣುವುದು ಕುಡುಗೋಲಿನಂತೆ ಬಾಗಿದ ಎರಡು ದವಡೆಗಳ ತುದಿ ಮಾತ್ರ. ಇರುವೆ ಅಂಚಿಗೆ ಬಂತೆಂದರೆ ಕಾಲಡಿಯ ಮಣ್ಣು ಜಾರುತ್ತದೆ. ಮೇಲೆ ಹತ್ತಲು ಒದ್ದಾಡುತ್ತದೆ. ಆಗ ಕೆಳಗಿನ ಹುಳು ತಲೆಯನ್ನು ಫಕ್ಕನೆ ಹಿಂದಕ್ಕೆ ಎಗರಿಸಿ ಮಣ್ಣು ತೂರುತ್ತದೆ, ಒಮ್ಮೆ, ಮತ್ತೊಮ್ಮೆ. ಇಳಿಜಾರು ಕುಸಿದು ಇರುವೆಯನ್ನು ನೇರ ದವಡೆಗೆ ತಂದುಕೊಡುತ್ತದೆ. ಮಣ್ಣು ಜಾರದೆ ನಿಲ್ಲಬಲ್ಲ ಕಡಿದಾದ ಇಳಿಜಾರು ಎಷ್ಟೋ, ಗುಳಿಯ ಗೋಡೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇರುವೆಯ ತೂಕ ಬಿದ್ದರೆ ಸಾಕು, ಕುಸಿಯುತ್ತದೆ. ಹುಳು ಬೇಟೆಯ ರಸವನ್ನಷ್ಟೇ ಹೀರಿ ಸಿಪ್ಪೆಯನ್ನು ಹೊರಗೆಸೆಯುತ್ತದೆ. ಅದರ ಜಠರ ಹಿಂಭಾಗಕ್ಕೆ ತೆರೆದುಕೊಂಡಿರುವುದಿಲ್ಲ. ಮರಿಯಾಗಿರುವಷ್ಟು ಕಾಲದ ಘನತ್ಯಾಜ್ಯವೆಲ್ಲ ಒಳಗೇ ಉಳಿದು, ರೆಕ್ಕೆ ಬಂದ ಮೇಲೆಯೇ ಹೊರಬರುತ್ತದೆ. ಆ ರೆಕ್ಕೆ ಬಂದ ರೂಪವನ್ನು ನೀವು ಏರೋಪ್ಲೇನ್ ಚಿಟ್ಟೆ ಎಂದುಕೊಂಡು ದಾಟಿಹೋಗಿರಬಹುದು. ತುದಿ ದಪ್ಪಗಿರುವ ಮೀಸೆಗಳಿಂದ ಅದನ್ನು ಬೇರೆಯಾಗಿ ಗುರುತಿಸಬಹುದು.

ಒಂದು ಹುಳುವನ್ನು ಮಣ್ಣಿನ ಸಮೇತ ಅಗಲವಾದ ಡಬ್ಬಿಗೆ ಹಾಕಿ, ದಪ್ಪ ಮರಳು ಮತ್ತು ನಯ ಮರಳು ಬೆರೆಸಿ ಕೊಡಿ. ಅದು ಹಿಂದೆ ಹಿಂದೆ ನಡೆಯುತ್ತ, ಸುರುಳಿಯಾಗಿ ಅಗೆಯುತ್ತ ಗುಳಿ ಕಟ್ಟುವುದನ್ನು ನೋಡಿ. ಮುಗಿದ ಮೇಲೆ ಗೋಡೆಯಲ್ಲಿ ಯಾವ ಮರಳು ಉಳಿದಿದೆ, ಹೊರಗೆ ಯಾವುದು ಬಿದ್ದಿದೆ ಎಂದು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಹಾಗೇಕೆ ಎಂದು ನಿಮಗೆ ತೋಚಿದ್ದನ್ನು ಒಂದು ಕಾಗದದಲ್ಲಿ ಬರೆದಿಟ್ಟ ನಂತರವೇ ಪುಸ್ತಕ ತೆರೆಯಿರಿ. ನೋಡಿ ಮುಗಿದ ಮೇಲೆ ಹುಳುವನ್ನು ತೆಗೆದ ಜಾಗದಲ್ಲೇ ಬಿಟ್ಟುಬಿಡಿ.