ಪರದೆಯಲ್ಲಿ ಪ್ರವಾಹ, ಕಾಲುವೆಯಲ್ಲಿ ಧೂಳು

ಪ್ರಶ್ನೆ: ಮೇಡಂ, ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಸ್ಮಾರ್ಟ್ ಸಿಟಿ ತಂಡವೊಂದಕ್ಕೆ ಸೇರಿದ್ದೇನೆ. ಇಡೀ ನಗರದ ಡಿಜಿಟಲ್ ಟ್ವಿನ್, ಅಂದರೆ ನಿಜವಾದ ನಗರದ ಜೊತೆಗೇ ಬದಲಾಗುತ್ತಾ ಹೋಗುವ ಕಂಪ್ಯೂಟರ್ ಪ್ರತಿರೂಪ, ಮಾಡಬೇಕಂತೆ. ಮೊದಲು ಚೆಂದದ ತ್ರೀಡಿ ಮಾದರಿ ಮಾಡಿ, ಸೆನ್ಸರ್‌ಗಳನ್ನು ಆಮೇಲೆ ಜೋಡಿಸಿದರೆ ಆಗುತ್ತಾ?

ಉತ್ತರ: ತ್ರೀಡಿಯಿಂದ ಶುರು ಮಾಡಬೇಡಿ. ಮೊದಲು ಒಂದೇ ಒಂದು ಪ್ರಶ್ನೆ ಹಿಡಿದುಕೊಳ್ಳಿ. ಜೋರು ಮಳೆ ಬಂದರೆ ಯಾವ ಬೀದಿಗೆ ಮೊದಲು ಪಂಪ್ ಕಳಿಸಬೇಕು? ಇಂಥದ್ದು. ಅದಕ್ಕೆ ಏನೇನು ಬೇಕೋ ಅಷ್ಟನ್ನೇ ಕಟ್ಟಿ.

2002ರಲ್ಲಿ ಅಮೆರಿಕದ ತಜ್ಞ ಮೈಕೆಲ್ ಗ್ರೀವ್ಸ್ ಡಿಜಿಟಲ್ ಟ್ವಿನ್‌ನ ಯೋಚನೆಯನ್ನು ಕಾರ್ಖಾನೆಯ ಉತ್ಪನ್ನಗಳಿಗಾಗಿ ಮುಂದಿಟ್ಟಾಗ ಅದರಲ್ಲಿ ಮೂರು ಭಾಗ ಇದ್ದವು: ನಿಜವಾದ ವಸ್ತು, ಕಂಪ್ಯೂಟರಿನಲ್ಲಿರುವ ಅದರ ಜೋಡಿ, ಎರಡರ ನಡುವೆ ಹೋಗಿಬರುವ ಮಾಹಿತಿ. ಎಲ್ಲರ ಕಣ್ಣು ಬೀಳುವುದು ಎರಡನೆಯದರ ಮೇಲೆ. ಕೆಲಸ ಜಾಸ್ತಿ ಇರುವುದು ಮೂರನೆಯದರಲ್ಲಿ.

ನನಗೇ ಆದದ್ದು ಹೇಳುತ್ತೇನೆ. ಮಳೆನೀರು ಕಾಲುವೆಯೊಂದರ ಮೇಲೆ, ತಳದಿಂದ 3 ಮೀಟರ್ ಎತ್ತರದಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದ್ದೆವು. ಅದು ಕೆಳಕ್ಕೆ ಶಬ್ದ ಬಿಡುತ್ತದೆ. ಪ್ರತಿಧ್ವನಿ ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ ನೀರಿನ ಮಟ್ಟ ಲೆಕ್ಕ ಹಾಕುತ್ತದೆ. ಒಂದು ಬೆಳಿಗ್ಗೆ ಪರದೆ ಮೇಲೆ ಇಡೀ ಬೀದಿ ನೀಲಿ. ನೀರು 2.4 ಮೀಟರ್! ಮಳೆಯ ಸುಳಿವೇ ಇರಲಿಲ್ಲ. ಓಡಿಹೋಗಿ ಬಗ್ಗಿ ನೋಡಿದರೆ ತಳದಲ್ಲಿ ಧೂಳು. ಸೆನ್ಸರ್‌ನಿಂದ 60 ಸೆಂಟಿಮೀಟರ್ ಕೆಳಗೆ ಜೇಡ ದಟ್ಟವಾಗಿ ಬಲೆ ಕಟ್ಟಿತ್ತು, ಎಳೆ ಎಳೆಗೂ ಇಬ್ಬನಿ ಹತ್ತಿತ್ತು. ಶಬ್ದ ಅದಕ್ಕೇ ಬಡಿದು ವಾಪಸ್ ಬಂದಿತ್ತು.

ತಪ್ಪು ನಮ್ಮದೇ. ಮಳೆಮಾಪಕ ಸೊನ್ನೆ ತೋರಿಸುತ್ತಿದೆ, ಮೇಲಿನ ಕಾಲುವೆ ಒಣಗಿದೆ, ಹಾಗಿದ್ದರೆ ಇಲ್ಲಿ ನೀರು ಹೇಗೆ ಬಂತು? ಇಷ್ಟನ್ನು ಕೇಳುವ ನಿಯಮವನ್ನೇ ನಾವು ಬರೆದಿರಲಿಲ್ಲ. ಅಂದಿನಿಂದ ಪ್ರತಿ ಅಂಕಿಯ ಜೊತೆ ಅದು ಎಷ್ಟು ಹಳೆಯದು, ಎಷ್ಟು ನಂಬಬಹುದು ಅನ್ನುವುದನ್ನೂ ಪರದೆ ಮೇಲೆ ತೋರಿಸುತ್ತೇವೆ. ಅನುಮಾನ ಬಂದದ್ದು ಬೂದು ಬಣ್ಣದಲ್ಲಿ ಕಾಣುತ್ತದೆ.

ಇನ್ನೊಂದು, ಹೆಸರು. ಒಂದೇ ವಾಲ್ವ್ ನೀರಿನ ವಿಭಾಗದಲ್ಲಿ ‘ವಿ-17’, ನಕ್ಷೆಯಲ್ಲಿ ‘0017’, ದೂರು ಬರೆದುಕೊಳ್ಳುವವರ ಬಳಿ ‘ಶಾಲೆ ಎದುರಿನ ವಾಲ್ವ್’. ಕಂಪ್ಯೂಟರಿಗೆ ಇವು ಮೂರು ಬೇರೆ ಬೇರೆ ವಾಲ್ವ್. ಇವನ್ನೆಲ್ಲ ಒಂದೇ ಗುರುತಿನ ಸಂಖ್ಯೆಗೆ ತರುವುದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಆ ವಾಲ್ವನ್ನು ದಿನಾ ತಿರುಗಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ನಕ್ಷೆಯಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.

ತ್ರೀಡಿ ಬೇಡವೇ ಬೇಡ ಅಂತಲ್ಲ. ನಗರ ಮಾದರಿಗಳಿಗೆ ಸಿಟಿಜಿಎಂಎಲ್ ಎಂಬ ಮಾನದಂಡ 2008ರಿಂದ ಇದೆ. ಅದರಲ್ಲಿ ಎಷ್ಟು ವಿವರ ಬೇಕು ಅನ್ನುವುದಕ್ಕೆ ಹಂತಗಳಿವೆ, ಅವಕ್ಕೆ ಎಲ್‌ಒಡಿ ಅನ್ನುತ್ತಾರೆ. ಎಲ್‌ಒಡಿ1ರಲ್ಲಿ ಕಟ್ಟಡ ಸುಮ್ನೆ ಒಂದು ಡಬ್ಬಿ. ಎಲ್‌ಒಡಿ2ರಲ್ಲಿ ಛಾವಣಿಯ ಆಕಾರ ಬರುತ್ತದೆ, ಎಲ್‌ಒಡಿ3ರಲ್ಲಿ ಕಿಟಕಿ ಬಾಗಿಲು. ಪ್ರವಾಹದ ಲೆಕ್ಕಕ್ಕೆ ಡಬ್ಬಿ ಸಾಕು, ಆದರೆ ನೆಲದ ಏರುತಗ್ಗು ಕರಾರುವಾಕ್ಕಾಗಿರಬೇಕು. ಸೋಲಾರ್ ಫಲಕ ಎಲ್ಲಿ ಹಾಕಬಹುದು ಅಂತ ನೋಡಲು ಛಾವಣಿಯ ಇಳಿಜಾರು ಬೇಕು. ಯಾವ ಹಂತ ಅನ್ನುವುದನ್ನು ನಿಮ್ಮ ಪ್ರಶ್ನೆಯೇ ಹೇಳುತ್ತದೆ, ಅಲ್ವಾ?

ಪ್ರಶ್ನೆ: ಜನ ಎಷ್ಟು ಓಡಾಡುತ್ತಾರೆ ಅಂತ ಎಣಿಸಲು ಕ್ಯಾಮೆರಾ ಇಟ್ಟರೆ ಖಾಸಗಿತನದ ಗತಿ?

ಉತ್ತರ: ಇದನ್ನು ಕೊನೆಗೆ ಸೇರಿಸೋಣ ಅಂದರೆ ಆಗುವುದಿಲ್ಲ, ಮೊದಲ ದಿನವೇ ತೀರ್ಮಾನಿಸಿ. ಕೆನಡಾದ ಟೊರಾಂಟೊದಲ್ಲಿ ಸೆನ್ಸರ್ ತುಂಬಿದ ಸ್ಮಾರ್ಟ್ ಬಡಾವಣೆ ಕಟ್ಟಲು ಹೊರಟಿದ್ದ ಕ್ವೇಸೈಡ್ ಯೋಜನೆಗೆ ಸಲಹೆ ಕೊಡುತ್ತಿದ್ದ ಖಾಸಗಿತನ ತಜ್ಞೆ ಆನ್ ಕವೂಕಿಯನ್ 2018ರಲ್ಲಿ ಹೊರಬಂದರು. ಮಾಹಿತಿ ಹುಟ್ಟುವ ಜಾಗದಲ್ಲೇ ಗುರುತು ಅಳಿಸುವುದು ಎಲ್ಲರಿಗೂ ಕಡ್ಡಾಯವಾಗಲಿ ಅನ್ನುವುದು ಅವರ ಪಟ್ಟು, ಅದು ಆಗಲಿಲ್ಲ. 2020ರಲ್ಲಿ ಯೋಜನೆಯೇ ನಿಂತಿತು. ನಾನೂ ಅವರ ಪಟ್ಟನ್ನೇ ಹಿಡಿಯುತ್ತೇನೆ. ಎಣಿಕೆ ಕ್ಯಾಮೆರಾದ ಒಳಗೇ ಮುಗಿಯಲಿ. ಹೊರಗೆ ಬರುವುದು ‘ಐದು ನಿಮಿಷ, 42 ಜನ’ ಅಷ್ಟೇ ಇರಲಿ. ಚಿತ್ರ ಅಲ್ಲೇ ಅಳಿಸಿಹೋಗಲಿ.